ಸೀಟಿನಡಿಯ ಜಾಗ

ಬಟ್ಟೆ ಹೊಲಿಯುವ ಟೇಪು ಹಿಡಿದು ಬೆಕ್ಕಿನ ಅಳತೆ ತೆಗೆದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಅಕ್ಕನ ಮಗಳು ಸಾಕಿದ ಬೆಳ್ಳಿ ಮೈಸೂರಿನ ಸಿದ್ಧಾರ್ಥನಗರದ ನಮ್ಮ ಮನೆಯ ಹಜಾರದಲ್ಲಿ ಬಾಲ ಎತ್ತಿಕೊಂಡು ನಿಂತಿತ್ತು. ನೆಲದಿಂದ ಬೆನ್ನಿಗೆ 25 ಸೆಂಟಿಮೀಟರ್, ಕಿವಿಯ ತುದಿಗೆ 34. ಅದು ಹೋಗಬೇಕಿದ್ದ ಫ್ರಾಂಕ್‌ಫರ್ಟ್ ವಿಮಾನದಲ್ಲಿ ಚೀಲದ ಎತ್ತರ 23 ಸೆಂಟಿಮೀಟರ್ ಮೀರುವಂತಿರಲಿಲ್ಲ. ಕೆಎಲ್‌ಎಂ, ಏರ್ ಫ್ರಾನ್ಸ್ ವಿಮಾನಗಳಲ್ಲಾದರೆ 24. ಬೆಕ್ಕು, ಚೀಲ ಎರಡೂ ಸೇರಿ 8 ಕೆಜಿ ದಾಟಬಾರದು. ಇಷ್ಟು ಹೇಳಿದ ನಿಯಮವೇ ಮುಂದಿನ ಸಾಲಿನಲ್ಲಿ, ಪ್ರಾಣಿಗೆ ಚೀಲದೊಳಗೆ ನಿಲ್ಲಲು, ತಿರುಗಲು, ಮಲಗಲು ಆಗಬೇಕು ಎನ್ನುತ್ತದೆ. ಬೆಳೆದ ಬೆಕ್ಕಿನ ಮಟ್ಟಿಗೆ ಈ ಎರಡು ಮಾತು ಒಂದಕ್ಕೊಂದು ಕೂಡಿ ಬರುವುದಿಲ್ಲ. ದೂರದ ದೇಶಕ್ಕೆ ಬೆಕ್ಕನ್ನು ಕ್ಯಾಬಿನ್ನಿನಲ್ಲೇ ಇಟ್ಟುಕೊಂಡು ಹೋಗುವ ಈಚಿನ ರೂಢಿಯನ್ನು ತೂಗಿ ನೋಡಬೇಕು ಎಂದು ನನಗೆ ಅನ್ನಿಸಿದ್ದು ಆ ಟೇಪು ಹಿಡಿದು ಕೂತಾಗಲೇ.

ನಮ್ಮ ಬಡಾವಣೆಯಲ್ಲಿ ಈ ಪ್ರಶ್ನೆ ಹುಟ್ಟಿದ್ದು ಸಹಜ. ಬೆಟ್ಟದ ತಪ್ಪಲಿನ ಊರಭಾಗ ಇದು. ಒಂದು ಬದಿಗೆ ಲಲಿತಮಹಲ್ ರಸ್ತೆ, ಇನ್ನೊಂದು ಬದಿಗೆ ತೆರೇಸಿಯನ್ ಕಾಲೇಜು, ಈಚೆಗೆ ಜಿಲ್ಲಾಧಿಕಾರಿಗಳ ಹೊಸ ಕಚೇರಿಯೂ ಇಲ್ಲಿಗೇ ಬಂದಿದೆ. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಸರ್ಕಾರಿ ನೌಕರಿ ಮುಗಿಸಿದವರು ಕಟ್ಟಿಕೊಂಡ ಮನೆಗಳು. ಮಕ್ಕಳು ಟೊರಾಂಟೊ, ಸ್ಯಾನ್ ಹೋಸೆ, ಮ್ಯೂನಿಕ್ ಎಂದು ಚದುರಿದ್ದಾರೆ. ಮನೆಯಲ್ಲಿ ಇಬ್ಬರು ವಯಸ್ಸಾದವರು, ಕಾಂಪೌಂಡಿನ ಮೇಲೆ ಒಂದು ಬೆಕ್ಕು. ಹಾಗಾಗಿ ಬೆಕ್ಕನ್ನು ವಿಮಾನ ಹತ್ತಿಸುವ ಮಾತು ಎರಡು ಬಗೆಯ ಜನರಿಂದ ಬರುತ್ತದೆ. ಹೊರದೇಶದಲ್ಲಿ ನೆಲೆಯೂರಲು ಹೊರಟ ಮಕ್ಕಳು ಒಂದು ಬಗೆ. ಆರು ತಿಂಗಳ ಮಟ್ಟಿಗೆ ಮಕ್ಕಳ ಮನೆಗೆ ಹೋಗಿಬರುವ ತಂದೆತಾಯಿಗಳು ಇನ್ನೊಂದು ಬಗೆ. ಕೇಳುವ ಪ್ರಶ್ನೆ ಇಬ್ಬರದೂ ಒಂದೇ ಆದರೂ ಉತ್ತರ ಒಂದೇ ಅಲ್ಲ ಎನ್ನುವುದು ನನ್ನ ವಾದ.

ಮೊದಲಿಗೆ ಬೆಳ್ಳಿಯ ಕಥೆ. ಜರ್ಮನಿಯಲ್ಲಿ ಕೆಲಸ ಖಾಯಂ ಆದ ಮೇಲೆ ಅಕ್ಕನ ಮಗಳು ಅದನ್ನು ಕರೆದೊಯ್ಯಲು ನಿರ್ಧರಿಸಿದಳು. "ಚಿಕ್ಕಮ್ಮ, ಟಿಕೆಟ್ ತಗೊಂಡು ಹೋಗೋದೇ ಅಲ್ವಾ?" ಎಂದು ಕೇಳಿದ್ದಳು. ಬರೀ ಟಿಕೆಟ್ಟಿನ ಕೆಲಸ ಅದಾಗಿರಲಿಲ್ಲ. ಯುರೋಪ್ ಒಕ್ಕೂಟದ ಕಣ್ಣಿನಲ್ಲಿ ಭಾರತ ರೇಬಿಸ್ ಹತೋಟಿಗೆ ಬಾರದ ದೇಶ. ಜಗತ್ತಿನಲ್ಲಿ ರೇಬಿಸ್‌ನಿಂದ ಆಗುವ ಸಾವುಗಳಲ್ಲಿ ಸುಮಾರು ಮೂರನೇ ಒಂದು ಪಾಲು ನಮ್ಮಲ್ಲೇ ಆಗುವಾಗ ಅವರ ಎಚ್ಚರವನ್ನು ತಪ್ಪು ಎನ್ನಲಾಗದು. ಮೊದಲು ಚರ್ಮದಡಿ 15 ಅಂಕಿಯ ಮೈಕ್ರೋಚಿಪ್ ಇಡಬೇಕು. ಆಮೇಲೆ ರೇಬಿಸ್ ಲಸಿಕೆ. ಲಸಿಕೆ ಹಾಕಿ 30 ದಿನವಾದರೂ ಕಳೆದ ಮೇಲೆ ರಕ್ತ ತೆಗೆದು, ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ಪ್ರತಿಕಾಯದ ಪ್ರಮಾಣ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕಕ್ಕಿಂತ ಕಡಿಮೆ ಇರಬಾರದು. ಇದೆಲ್ಲ ಸರಿಯಾದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಒಟ್ಟು ನಾಲ್ಕು ತಿಂಗಳಿಗೆ ಕಡಿಮೆಯಾಗುವುದಿಲ್ಲ.

ನಾವು ಎಡವಿದ್ದು ಮೊದಲ ಮೆಟ್ಟಿಲಿನಲ್ಲೇ. ಬೆಳ್ಳಿಗೆ ಆಗಲೇ ಲಸಿಕೆ ಆಗಿತ್ತು, ಚಿಪ್ ಇರಲಿಲ್ಲ. ಚಿಪ್ಪಿಗಿಂತ ಮುಂಚೆ ಹಾಕಿದ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ, ಯಾಕೆಂದರೆ ಲಸಿಕೆ ಬಿದ್ದದ್ದು ಇದೇ ಬೆಕ್ಕಿಗೆ ಎನ್ನಲು ಸಾಕ್ಷಿ ಇರುವುದಿಲ್ಲ. 2025ರ ಜೂನ್‌ನಲ್ಲಿ ಚಿಪ್ ಇಡಿಸಿ, ಅದನ್ನು ಓದಿಸಿ, ಮತ್ತೆ ಲಸಿಕೆ ಹಾಕಿಸಿದೆವು. ರಕ್ತ ತೆಗೆದದ್ದು ಜುಲೈ ಕೊನೆಗೆ.

ಅದೇ ಜುಲೈನಲ್ಲಿ ಬನ್ನೇರುಘಟ್ಟದ ನಾಲ್ಕು ಆನೆಗಳು ದೇವನಹಳ್ಳಿಯಿಂದ ವಿಮಾನ ಹತ್ತಿ ಜಪಾನಿನ ಹಿಮೇಜಿಗೆ ಹೋದವು. ಪ್ರಾಣಿ ವಿನಿಮಯದ ಒಪ್ಪಂದ. ಪತ್ರಿಕೆಗಳು ಫೋಟೊ ಹಾಕಿ ಬರೆದ ಆ ಸುದ್ದಿಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ವಿವರ. ಆ ಆನೆಗಳಿಗೆ ಸುಮಾರು ಆರು ತಿಂಗಳು ಪೆಟ್ಟಿಗೆಯ ಅಭ್ಯಾಸ ಮಾಡಿಸಿದ್ದರು. ಒಳಗೆ ಹೋಗುವುದು, ನಿಲ್ಲುವುದು, ತಿನ್ನುವುದು, ಹೊರಗೆ ಬರುವುದು, ಮಾರನೆಯ ದಿನ ಮತ್ತೆ ಒಳಗೆ ಹೋಗುವುದು. ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಮೈಸೂರು ಮೃಗಾಲಯ 1892ರಿಂದ ಪ್ರಾಣಿ ಸಾಕುತ್ತ ಬಂದಿದೆ. 2021ರಲ್ಲಿ ಜರ್ಮನಿಯಿಂದ ಎರಡು ಗೊರಿಲ್ಲಾ ತರಿಸಿಕೊಂಡದ್ದೂ ಅದೇ. ದೊಡ್ಡ ಪ್ರಾಣಿಯನ್ನು ಆಕಾಶಕ್ಕೆ ಏರಿಸುವ ಮುನ್ನ ಅದರ ಮನಸ್ಸನ್ನು ಹದಮಾಡಬೇಕು ಎನ್ನುವ ತಿಳಿವಳಿಕೆ ಈ ನಾಡಿನ ಮಾವುತರಿಗೂ ಮೃಗಾಲಯದವರಿಗೂ ಇದೆ. ಮನೆಯ ಬೆಕ್ಕಿನ ವಿಷಯಕ್ಕೆ ಬಂದಾಗ ಮಾತ್ರ ನಾವು ಅದನ್ನು ಮರೆಯುತ್ತೇವೆ. ಹೊರಡುವ ಹಿಂದಿನ ದಿನ ಹೊಸ ಚೀಲ ತಂದು, ಪ್ಲಾಸ್ಟಿಕ್ ವಾಸನೆ ಇನ್ನೂ ಹೋಗಿರದ ಅದರೊಳಕ್ಕೆ ಬೆಕ್ಕನ್ನು ತುರುಕಿ, ಜಿಪ್ ಎಳೆದುಬಿಡುತ್ತೇವೆ. ಬೆಕ್ಕಿಗೆ ಗೊತ್ತಿರುವ ಚೀಲ ಡಾಕ್ಟರ ಮನೆಗೆ ಹೋಗುವ ಚೀಲ ಒಂದೇ.

ಆನೆಯ ಸುದ್ದಿ ಓದಿದ ಮಾರನೆಯ ದಿನವೇ ನಾವು ಚೀಲ ತಂದು ಹಜಾರದಲ್ಲಿ ಬಾಯಿ ತೆರೆದಿಟ್ಟೆವು. ಒಳಗೆ ಅಕ್ಕನ ಮಗಳ ಹಳೆಯ ಸ್ವೆಟರ್ ಹಾಸಿದೆವು. ಹತ್ತು ದಿನ ಬೆಳ್ಳಿ ಅತ್ತ ಸುಳಿಯಲಿಲ್ಲ. ಆಮೇಲೆ ಊಟದ ತಟ್ಟೆಯನ್ನು ಚೀಲದ ಬಾಯಿಗೆ ಸರಿಸಿದೆವು, ಇನ್ನೊಂದು ವಾರಕ್ಕೆ ಒಳಕ್ಕೆ. ಸೆಪ್ಟೆಂಬರಿನಲ್ಲಿ ಮಧ್ಯಾಹ್ನದ ನಿದ್ದೆ ಅಲ್ಲೇ ಮಾಡತೊಡಗಿತು. ಜಿಪ್ ಅರ್ಧ ಹಾಕಿ ತೆಗೆಯುವುದು, ಪೂರ್ತಿ ಹಾಕಿ ಎರಡು ನಿಮಿಷ ಬಿಡುವುದು, ಎತ್ತಿಕೊಂಡು ಮನೆಯೊಳಗೆ ಒಂದು ಸುತ್ತು ಹಾಕುವುದು, ಕಾರಿನಲ್ಲಿ ಕಾರಂಜಿ ಕೆರೆಯವರೆಗೆ ಹೋಗಿ ಬರುವುದು. ಮೊದಲ ಸಲ ಕಾರಿನಲ್ಲಿ ಬಾಯಿ ಮುಚ್ಚದೆ ಕೂಗಿತು, ಒಂದು ಸಲ ವಾಂತಿಯನ್ನೂ ಮಾಡಿಕೊಂಡಿತು. ಎಂಟನೆಯ ಸಲಕ್ಕೆ ಸುಮ್ಮನೆ ಕಿಟಕಿಯ ಬೆಳಕು ನೋಡುತ್ತಿತ್ತು. ಈ ಇಡೀ ರೂಢಿಯಲ್ಲಿ ಬೆಲೆಯುಳ್ಳ ಭಾಗ ಯಾವುದು ಎಂದು ಕೇಳಿದರೆ ಈ ಮೂರು ತಿಂಗಳು ಎನ್ನುತ್ತೇನೆ. ಕಾಯುವ ಅವಧಿಯನ್ನು ಜನ ಸರ್ಕಾರಿ ಕಿರುಕುಳ ಎಂದುಕೊಳ್ಳುತ್ತಾರೆ. ನಮಗೆ ಅದರಿಂದ ಸಿಕ್ಕಿದ್ದು ಬೆಕ್ಕಿಗೆ ಅಭ್ಯಾಸ ಮಾಡಿಸುವಷ್ಟು ಸಮಯ.

ನಿದ್ದೆ ಮಾತ್ರೆಯ ಸಲಹೆ ಬೀದಿಯ ಎಲ್ಲ ಕಡೆಯಿಂದ ಬಂತು. ಡಾಕ್ಟರು ಖಡಾಖಂಡಿತವಾಗಿ ಬೇಡ ಎಂದರು, ಅದು ಸರಿಯಾದ ಮಾತು. ಮಂಪರು ಬರಿಸುವ ಔಷಧಿ ಉಸಿರಾಟವನ್ನೂ ರಕ್ತದೊತ್ತಡವನ್ನೂ ತಗ್ಗಿಸುತ್ತದೆ. ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ, ಅಲ್ಲಿ ಸಹಾಯಕ್ಕೆ ಪಶುವೈದ್ಯರಿರುವುದಿಲ್ಲ. ಮೂಗು ಒಳಸರಿದ ಪರ್ಷಿಯನ್ ಬೆಕ್ಕಿಗಂತೂ ಅಪಾಯ ಇನ್ನೂ ಹೆಚ್ಚು. ಮಂಪರಿನ ಔಷಧಿ ಬೇರೆ, ದಿಗಿಲು ತಗ್ಗಿಸುವ ಔಷಧಿ ಬೇರೆ. ಬೆಕ್ಕುಗಳಿಗೆ ಪ್ರಯಾಣಕ್ಕೆ ಮುನ್ನ ಗ್ಯಾಬಾಪೆಂಟಿನ್ ಕೊಡುವ ಪದ್ಧತಿ ಈಗ ವೈದ್ಯರಲ್ಲಿ ಬಳಕೆಯಲ್ಲಿದೆ. 2023ರಲ್ಲಿ ಅಮೆರಿಕದ ಔಷಧ ಪ್ರಾಧಿಕಾರ ಪ್ರಿಗಾಬಾಲಿನ್ ಎಂಬ ಅದರ ಸಮೀಪದ ಔಷಧಿಗೆ ಇದೇ ಕಾರಣಕ್ಕಾಗಿ ಒಪ್ಪಿಗೆ ಕೊಟ್ಟಿತು. ವೈದ್ಯರು ಹೇಳಿದಷ್ಟೇ ಕೊಡಬೇಕು, ಮನೆಯಲ್ಲಿ ಒಂದು ಸಲ ಕೊಟ್ಟು ನೋಡಿರಲೂಬೇಕು. ಹಾಗೆ ಕೊಟ್ಟು ನೋಡಿದ ಭಾನುವಾರ ಬೆಳ್ಳಿ ಕುಡಿದವರ ಹಾಗೆ ತೂರಾಡಿತು, ಡಾಕ್ಟರು ಪ್ರಮಾಣ ಇಳಿಸಿದರು. ಅದು ವಿಮಾನದಲ್ಲೇ ಮೊದಲ ಸಲ ಗೊತ್ತಾಗಿದ್ದರೆ ಏನು ಮಾಡಬೇಕಿತ್ತು ಎಂದು ಈಗಲೂ ನೆನೆಸಿಕೊಳ್ಳುತ್ತೇನೆ.

ಕೊನೆಯ ಹತ್ತು ದಿನ ಕಾಗದದ ಓಡಾಟ. ಯುರೋಪಿಗೆ ಬೇಕಾದ ಆರೋಗ್ಯ ಪ್ರಮಾಣಪತ್ರ ಅಲ್ಲಿ ಇಳಿಯುವ ಮುಂಚಿನ ಹತ್ತು ದಿನದೊಳಗಿನದೇ ಆಗಿರಬೇಕು. ಅದನ್ನು ಕೊಡುವುದು ಕೇಂದ್ರ ಸರ್ಕಾರದ ಪಶು ಕ್ವಾರಂಟೈನ್ ಸೇವೆ, ಬೆಂಗಳೂರಿಗೆ ಅದರ ನೆಲೆ ಹೆಸರಘಟ್ಟದಲ್ಲಿ. ಮೈಸೂರಿನವರಿಗೆ ಇದು ದೊಡ್ಡ ತೊಡಕು. ನಮ್ಮಲ್ಲಿ ಪಶುವೈದ್ಯರಿದ್ದಾರೆ, ಲಸಿಕೆ ಸಿಗುತ್ತದೆ, ಆದರೆ ಕೊನೆಯ ಮುದ್ರೆಗೆ ಬೆಂಗಳೂರಿನ ಆಚೆಗೆ ಹೋಗಬೇಕು. ಹೆಬ್ಬಾಳದ ಪಶುವೈದ್ಯ ಕಾಲೇಜಿನ ರೇಬಿಸ್ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದದ್ದು, ವಿಮಾನ ನಿಲ್ದಾಣದ ದಾರಿಯಲ್ಲೇ ಇದೆ. ಇಂಥ ಸಾಮರ್ಥ್ಯವಿರುವ ರಾಜ್ಯದಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿಯ ಜನರಿಗೆ ತಮ್ಮ ಊರಿನಲ್ಲೇ ಪರೀಕ್ಷೆ ಮುಗಿಸುವ ಒಂದು ದಾರಿ ಆಗಬೇಕು. ಬೆಕ್ಕಿನ ಸಂಕಟದಲ್ಲಿ ದೊಡ್ಡ ಪಾಲು ಆಗುವುದು ನೆಲದ ಮೇಲೆ. ಸಿದ್ಧಾರ್ಥನಗರದಿಂದ ದೇವನಹಳ್ಳಿಗೆ 180 ಕಿಲೋಮೀಟರಿನ ಆಸುಪಾಸು. 2023ರಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೂ ಬೆಂಗಳೂರನ್ನು ದಾಟುವ ಹೊತ್ತಿಗೆ ನಾಲ್ಕೂವರೆ ಗಂಟೆ ಹಿಡಿಯಿತು. ಹತ್ತು ಗಂಟೆಯ ಹಾರಾಟಕ್ಕಿಂತ ಬೆಳ್ಳಿ ಹೆಚ್ಚು ಕೂಗಿದ್ದು ಆ ದಾರಿಯಲ್ಲಿ.

ನವೆಂಬರಿನ ಆ ರಾತ್ರಿ ಮೂರು ವಾರದ ವೀಸಾ ಹಿಡಿದು ನಾನೂ ಜೊತೆಗೆ ಹೊರಟಿದ್ದೆ. ನನ್ನ ಲೆಕ್ಕದಲ್ಲಿ ಇಡೀ ಪ್ರಯಾಣದಲ್ಲಿ ಹೆಚ್ಚು ಅಪಾಯದ ಗಳಿಗೆ ಭದ್ರತಾ ತಪಾಸಣೆಯದು. ಖಾಲಿ ಚೀಲ ಎಕ್ಸ್‌ರೇ ಯಂತ್ರದೊಳಕ್ಕೆ ಹೋಗುತ್ತದೆ, ಬೆಕ್ಕನ್ನು ತೋಳಿನಲ್ಲಿ ಎತ್ತಿಕೊಂಡು ಚೌಕಟ್ಟು ದಾಟಬೇಕು. ಟ್ರೇಗಳ ದಡಬಡ, ಪೀಪಿ ಸದ್ದು, ನೂರಾರು ಅಪರಿಚಿತ ಕಾಲು. ಮನುಷ್ಯನ ಕಿವಿಗೆ 20 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದು ಕೇಳದು, ಬೆಕ್ಕಿಗೆ ಅದರ ಮೂರು ಪಟ್ಟಿಗೂ ಮೇಲಿನದು ಕೇಳುತ್ತದೆ. ಅಲ್ಲಿ ಅದು ಕೈಜಾರಿ ಓಡಿದರೆ ಮತ್ತೆ ಹಿಡಿಯುವುದು ಹೇಗೆ? ಎದೆಗೂ ಹೊಟ್ಟೆಗೂ ಕಟ್ಟುವ ಹಾರ್ನೆಸ್ ಹಾಕಿ, ಅದರ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದೆವು. ಪಕ್ಕದ ಸಣ್ಣ ಕೋಣೆಯಲ್ಲಿ ಬಾಗಿಲು ಮುಚ್ಚಿ ತಪಾಸಣೆ ಮಾಡಿ ಎಂದು ಕೇಳಿಕೊಂಡಾಗ ಅಲ್ಲಿದ್ದ ಹೆಣ್ಣುಮಗಳು ಒಪ್ಪಿ ಉಪಕಾರ ಮಾಡಿದರು. ಕೇಳಿದವರಿಗೆ ಮಾತ್ರ ಸಿಗುವ ಉಪಕಾರವಾಗದೆ ಇದು ಎಲ್ಲ ಕಡೆ ನಿಯಮವೇ ಆಗಬೇಕು.

ವಿಮಾನದೊಳಗೆ ಬೆಳ್ಳಿ ಸದ್ದೇ ಮಾಡಲಿಲ್ಲ. ಇಳಿಯುವಾಗ ಹಿಂದಿನ ಸೀಟಿನವರು, "ಬೆಕ್ಕಿತ್ತಾ ಇಲ್ಲಿ? ಎಷ್ಟು ಜಾಣ ಬೆಕ್ಕು!" ಎಂದು ಹೊಗಳಿದರು. ಬೆಕ್ಕಿನ ಪ್ರಯಾಣವನ್ನು ಅಳೆಯಲು ಎಲ್ಲರೂ ಬಳಸುವ ಅಳತೆಗೋಲು ಇದೇ. ಕೂಗಲಿಲ್ಲ, ಆದ್ದರಿಂದ ಚೆನ್ನಾಗಿತ್ತು. ನಾನು ಒಪ್ಪಲಾರೆ. ದಾರಿಯಲ್ಲಿ ಎರಡು ಮೂರು ಸಲ ಬಗ್ಗಿ ಜಾಲರಿಯೊಳಗೆ ನೋಡಿದ್ದೆ. ಕಣ್ಣಿನ ಪಾಪೆ ಪೂರ್ತಿ ಅರಳಿತ್ತು, ಕಿವಿ ಹಿಂದಕ್ಕೆ ಮಲಗಿತ್ತು, ನಾಲ್ಕೂ ಕಾಲು ಮೈಯಡಿ ಸೇರಿಸಿ ಮುದುಡಿಕೊಂಡಿತ್ತು. ಬೆಕ್ಕು ಬೇಟೆಗಾರ ಹೌದು, ತನಗಿಂತ ದೊಡ್ಡ ಪ್ರಾಣಿಗಳಿಗೆ ಆಹಾರವೂ ಹೌದು. ತಪ್ಪಿಸಿಕೊಳ್ಳಲು ದಾರಿ ಇಲ್ಲದಾಗ ಅಲುಗದೆ ಕೂರುವುದು ಅದು ಬದುಕಿಕೊಳ್ಳುವ ಉಪಾಯ.

ಮೇಲುಕೋಟೆಯ ಕಡೆಯವರಾದ ನಮ್ಮ ಅಜ್ಜಿ ಶ್ರೀವೈಷ್ಣವರ ಎರಡು ನ್ಯಾಯಗಳನ್ನು ಹೇಳುತ್ತಿದ್ದರು. ಕೋತಿಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅದು ಮರ್ಕಟ ಕಿಶೋರ ನ್ಯಾಯ. ಬೆಕ್ಕಿನ ಮರಿ ಏನನ್ನೂ ಮಾಡುವುದಿಲ್ಲ, ತಾಯಿ ಕತ್ತು ಕಚ್ಚಿ ಎತ್ತಿಕೊಂಡಾಗ ಮೈ ಸಡಿಲಿಸಿ ಶರಣಾಗುತ್ತದೆ, ಅದು ಮಾರ್ಜಾಲ ಕಿಶೋರ ನ್ಯಾಯ. ಅವರಲ್ಲಿ ತೆಂಗಲೆ ಪಂಗಡದವರು ಎರಡನೆಯದನ್ನು ನೆಚ್ಚುತ್ತಾರೆ. ಭಕ್ತಿಗೆ ಎಷ್ಟು ಚೆಲುವಾದ ಉಪಮೆ ಅದು! ಆದರೆ ಹಾಗೆ ಮೈ ಸಡಿಲಿಸುವುದು ಮರಿ ಮಾತ್ರ. ಬೆಳೆದ ಬೆಕ್ಕಿನ ಕತ್ತಿನ ಚರ್ಮ ಹಿಡಿದೆತ್ತಬೇಡಿ ಎಂದು ಈಗ ಪಶುವೈದ್ಯರೇ ಹೇಳುತ್ತಾರೆ. ಆಗ ಕಾಣುವ ನಿಶ್ಚಲತೆಯಲ್ಲಿ ನೆಮ್ಮದಿ ಇಲ್ಲ. ಸೀಟಿನಡಿ ಸುಮ್ಮನೆ ಕೂತ ಬೆಕ್ಕು ನಮಗೆ ಒಪ್ಪಿಗೆ ಕೊಟ್ಟಿದೆ ಎಂದುಕೊಳ್ಳುವುದು ನಮ್ಮ ಮನಸ್ಸಿನ ಸಮಾಧಾನಕ್ಕೆ. ಅದು ಒಪ್ಪಿಗೆ ಕೊಟ್ಟಿರುವುದಿಲ್ಲ. ಆದ್ದರಿಂದ ಹೊಣೆ ಎಲ್ಲ ನಮ್ಮದೇ.

ಹಾಗಾದರೆ ಕ್ಯಾಬಿನ್ ಬೇಡ, ಕೆಳಗಿನ ಸರಕಿನ ಕೋಣೆಯೇ ಮೇಲೇ? ಅಲ್ಲಿ ಉಸಿರುಗಟ್ಟಿ ಸಾಯುತ್ತವೆ ಎಂಬ ಭಯ ಹಲವರಿಗಿದೆ. ಪ್ರಾಣಿಗಳನ್ನು ಇಡುವ ಭಾಗದಲ್ಲೂ ಮೇಲಿನಷ್ಟೇ ಗಾಳಿಯ ಒತ್ತಡವಿರುತ್ತದೆ, ಅದನ್ನು ಬೆಚ್ಚಗೂ ಇಡುತ್ತಾರೆ. ವಿಚಿತ್ರವೆಂದರೆ ಅಲ್ಲಿಗೆ ಹೋಗುವ ಪಂಜರಕ್ಕೆ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದ ನಿಯಮ ಬಿಗಿಯಾಗಿದೆ, ಬೆಕ್ಕು ತಲೆ ಎತ್ತಿ ನಿಲ್ಲುವಷ್ಟು ಎತ್ತರ ಇರಲೇಬೇಕು. ಅಂದರೆ ಒಡೆಯನ ಕಣ್ಣಿಗೆ ಬೀಳದ ಬೆಕ್ಕಿಗೆ ಹೆಚ್ಚು ಜಾಗ, ಕಾಲ ಬುಡದಲ್ಲೇ ಇರುವ ಬೆಕ್ಕಿಗೆ ಕಡಿಮೆ. ಇಷ್ಟಾದರೂ ನಾನು ಕ್ಯಾಬಿನ್ನಿನ ಪರವೇ. ಕೆಳಗೆ ಹೋಗುವ ಪಂಜರ ಎಷ್ಟೋ ಕೈ ದಾಟಬೇಕು. 2011ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಜ್ಯಾಕ್ ಎಂಬ ಬೆಕ್ಕು ವಿಮಾನ ಏರುವ ಮೊದಲೇ ಪಂಜರದಿಂದ ತಪ್ಪಿಸಿಕೊಂಡಿತು. ಎರಡು ತಿಂಗಳ ಮೇಲೆ ಅದೇ ಕಟ್ಟಡದ ಚಾವಣಿಯಿಂದ ಕೆಳಕ್ಕೆ ಬಿತ್ತು. ಹಸಿವಿನಿಂದ ಸೊರಗಿ ಮೈ ಕೊಳೆತಿದ್ದ ಅದು ಚಿಕಿತ್ಸೆಗೆ ಚೇತರಿಸಿಕೊಳ್ಳದಾಗ ನವೆಂಬರಿನಲ್ಲಿ ವೈದ್ಯರು ಅದಕ್ಕೆ ದಯಾಮರಣ ಕೊಟ್ಟರು. ಕ್ಯಾಬಿನ್ನಿನಲ್ಲಿ ಕನಿಷ್ಠ ಉಸಿರಾಟ ಕೆಟ್ಟರೆ ನೋಡುವ ಕಣ್ಣಿರುತ್ತದೆ, ಜಾಲರಿಯೊಳಗೆ ತೂರಿಸುವ ಬೆರಳಿರುತ್ತದೆ. ಬೆಳ್ಳಿ ಆ ಬೆರಳಿನ ತುದಿಯ ನೀರನ್ನು ಮೂರು ಸಲ ನೆಕ್ಕಿತು. ಹದಿನೇಳು ಗಂಟೆಯಲ್ಲಿ ಅದು ಸೇವಿಸಿದ್ದು ಅಷ್ಟೇ.

ಕ್ಯಾಬಿನ್ನಿನಲ್ಲಿ ಬೆಕ್ಕು ಒಂದೇ ಇರುವುದಿಲ್ಲ, ಮನುಷ್ಯರೂ ಇರುತ್ತಾರೆ. ನಮ್ಮ ಸಾಲಿನಲ್ಲಿ ಒಬ್ಬ ಹುಡುಗ ಸೀನತೊಡಗಿದ. ಅವನ ತಾಯಿ ಮೆಲ್ಲಗೆ ಕೇಳಿದಾಗ ನಾವು ನಿಜ ಹೇಳಿದೆವು, ವಿಮಾನದ ಸಿಬ್ಬಂದಿ ಅವರಿಬ್ಬರನ್ನು ದೂರದ ಸಾಲಿಗೆ ಕೂರಿಸಿದರು. ಬೆಕ್ಕಿನ ಜೊಲ್ಲಿನಲ್ಲಿರುವ ಒಂದು ಪ್ರೋಟೀನು, ಅದು ಮೈ ನೆಕ್ಕಿಕೊಂಡಾಗ ಕೂದಲಿಗೆ ಹತ್ತಿ, ಒಣಗಿ, ಗಾಳಿಗೆ ಸೇರುತ್ತದೆ. ಜಿಪ್ ಹಾಕಿದ ಚೀಲ ಅದನ್ನು ತಡೆಯದು. ಕೆನಡಾದ ಸಾರಿಗೆ ಪ್ರಾಧಿಕಾರ 2012ರಲ್ಲೇ ಅಲ್ಲಿನ ದೊಡ್ಡ ವಿಮಾನ ಸಂಸ್ಥೆಗಳಿಗೆ, ಬೆಕ್ಕಿನ ಅಲರ್ಜಿ ಇರುವವರು ಮೊದಲೇ ತಿಳಿಸಿದರೆ ಅವರಿಗೂ ಬೆಕ್ಕಿಗೂ ನಡುವೆ ಐದು ಸಾಲು ಬಿಡಬೇಕು ಎಂದು ಆದೇಶಿಸಿತು. ಎರಡೂ ಕಡೆಯವರ ಹಕ್ಕನ್ನು ಸಾಲುಗಳಲ್ಲಿ ಎಣಿಸಿ ಕೊಟ್ಟ ಆ ತೀರ್ಪು ನನಗೆ ಮೆಚ್ಚುಗೆಯಾದದ್ದು. ಬೆಂಗಳೂರಿನಿಂದ ಹಾರುವ ಎಲ್ಲ ವಿಮಾನಗಳಿಗೂ ಅಂಥದ್ದು ಬೇಕು.

ಎಲ್ಲ ದೇಶಕ್ಕೂ ಕ್ಯಾಬಿನ್ನಿನ ಈ ದಾರಿ ಇಲ್ಲ ಎನ್ನುವುದನ್ನೂ ಹೇಳಬೇಕು. ಬ್ರಿಟನ್ನಿಗೆ ವಿಮಾನದಲ್ಲಿ ಬೆಕ್ಕು ಹೋಗುವುದು ಸರಕಾಗಿಯೇ. ಆಸ್ಟ್ರೇಲಿಯಾ ಭಾರತದಿಂದ ನೇರವಾಗಿ ಬರುವ ಬೆಕ್ಕನ್ನು ಒಪ್ಪುವುದೇ ಇಲ್ಲ. ನಮ್ಮವರು ಕಡಿಮೆ ದರಕ್ಕೆಂದು ಹತ್ತುವ ಎಮಿರೇಟ್ಸ್, ಕತಾರ್ ವಿಮಾನಗಳ ಕ್ಯಾಬಿನ್ನಿನಲ್ಲಿ ಗಿಡುಗಕ್ಕೆ ಜಾಗವುಂಟು, ಬೆಕ್ಕಿಗಿಲ್ಲ.

ಫ್ರಾಂಕ್‌ಫರ್ಟಿನಲ್ಲಿ ಕಾಗದ ನೋಡಿ, ಚಿಪ್ ಓದಿ ಬಿಟ್ಟುಬಿಟ್ಟರು. ಮನೆ ಸೇರಿದ ಮೇಲೆ ಬೆಳ್ಳಿ ಮಂಚದಡಿ ಹೊಕ್ಕಿತು. ಮೊದಲ ದಿನ ಮೂತ್ರವಿಲ್ಲ, ಊಟವಿಲ್ಲ. ಗಾಬರಿಯಾಗಿ ಅಲ್ಲಿನ ಡಾಕ್ಟರಿಗೆ ಫೋನು ಮಾಡಿದೆವು. ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಯಕೃತ್ತಿಗೆ ಕೊಬ್ಬು ತುಂಬಿಕೊಳ್ಳುವ ಅಪಾಯವಿದೆ. ಎರಡನೆಯ ರಾತ್ರಿ ಮರಳಿನ ತಟ್ಟೆಯಲ್ಲಿ ಪರಪರ ಸದ್ದು ಕೇಳಿತು, ಬೆಳಗ್ಗೆ ನೋಡಿದರೆ ಮೀನು ಖಾಲಿ. ಹನ್ನೆರಡನೆಯ ದಿನಕ್ಕೆ ಕಿಟಕಿಯ ಕಟ್ಟೆ ಅದರದ್ದಾಯಿತು. ಆ ಎರಡು ದಿನದ ಸಂಕಟಕ್ಕೆ ಬದಲಾಗಿ ಅದಕ್ಕೆ ಸಿಕ್ಕಿದ್ದು ತನ್ನನ್ನು ಮರಿಯಿಂದ ಸಾಕಿದವಳ ಜೊತೆ ಇನ್ನು ಹತ್ತು ಹನ್ನೆರಡು ವರ್ಷ. ಈ ವ್ಯಾಪಾರ ನನಗೆ ನ್ಯಾಯವಾಗಿ ಕಾಣುತ್ತದೆ.

ನಾನು ಹಿಂತಿರುಗಿ ಬಂದ ವಾರವೇ ಪಕ್ಕದ ರಸ್ತೆಯ ದಂಪತಿ ಮನೆಗೆ ಬಂದರು. ಆರು ತಿಂಗಳಿಗೆ ಮಗನ ಮನೆಗೆ, ಅಮೆರಿಕಕ್ಕೆ ಹೊರಟಿದ್ದರು. ಒಂಬತ್ತು ವರ್ಷದ ಗಂಡು ಬೆಕ್ಕು ಅವರದು. "ಅದನ್ನ ಬಿಟ್ಟು ಹೇಗಿರ್ಲಿ ಹೇಳಿ ಮೇಡಂ, ನಮ್ಮ ಮಗುವಿನ ಹಾಗೇ ಅದು" ಎಂದು ಆಕೆ ಕಣ್ಣು ಒರೆಸಿಕೊಂಡರು. ಬೆಕ್ಕಿನ ಮಟ್ಟಿಗೆ ಅಮೆರಿಕದ ನಿಯಮ ಯುರೋಪಿನಷ್ಟು ಬಿಗಿಯಲ್ಲ, ಹಾಗಾಗಿ ಆಸೆಗೆ ಅಡ್ಡ ಬರುವಂಥದ್ದು ಹೆಚ್ಚೇನೂ ಇರಲಿಲ್ಲ. ಬೇಡ ಎಂದೆ. ಆ ಮಾತು ಹೇಳುವುದು ಸುಲಭವಾಗಿರಲಿಲ್ಲ. ಮಗುವಿಗೆ ಅಪ್ಪ ಅಮ್ಮ ಇದ್ದಲ್ಲೇ ಊರು. ಬೆಕ್ಕಿಗೆ ವಾಸನೆ ಉಜ್ಜಿ ಗುರುತು ಮಾಡಿದ ಬಾಗಿಲು, ಬಿಸಿಲು ಬೀಳುವ ಮೆಟ್ಟಿಲು, ಗೊತ್ತಿರುವ ಗೋಡೆಯೂ ಬೇಕು. ಅದನ್ನು ಕಿತ್ತು ಇಪ್ಪತ್ತು ಗಂಟೆ ಚೀಲದಲ್ಲಿಟ್ಟು, ಅಲ್ಲಿ ಬೇರು ಬಿಡುವ ಹೊತ್ತಿಗೆ ಮತ್ತೆ ಇಪ್ಪತ್ತು ಗಂಟೆ. ವಯಸ್ಸಾದ ಗಂಡು ಬೆಕ್ಕಿಗೆ ದಿಗಿಲಿನಿಂದ ಮೂತ್ರ ಕಟ್ಟಿದರೆ ಅದು ಪ್ರಾಣಕ್ಕೇ ಬರುತ್ತದೆ. ಮೇಲಾಗಿ ಹಿಂದಕ್ಕೆ ತರುವಾಗ ಕಷ್ಟ ನಮ್ಮ ಸರ್ಕಾರದ ಕಡೆಯಿಂದ. ಸಾಮಾನಿನ ಜೊತೆ ಸಾಕುಪ್ರಾಣಿ ತರುವ ಸವಲತ್ತು ಇರುವುದು ಎರಡು ವರ್ಷ ಹೊರಗಿದ್ದು ವಾಸ ಬದಲಿಸಿ ಬರುವವರಿಗೆ, ಆರು ತಿಂಗಳ ಪ್ರವಾಸಿಗಳಿಗಲ್ಲ.

ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಆಕೆ ಮನೆಯ ಬೀಗದ ಕೈ ತಂದು ಕೊಟ್ಟರು. ಕೆಲಸಕ್ಕೆ ಬರುವ ಹೆಣ್ಣುಮಗಳು ಬೆಳಗ್ಗೆ, ನಾನು ಸಂಜೆ. ಊಟ, ನೀರು, ಮರಳು, ಅರ್ಧ ಗಂಟೆ ಅದರ ಜೊತೆ ಸುಮ್ಮನೆ ಕೂರುವುದು. ಮೊದಲ ವಾರ ಅದು ಗೇಟಿನ ಕಂಬದ ಮೇಲೆ ಕೂತು ರಸ್ತೆ ನೋಡುತ್ತಿತ್ತು. ಈಗ ಸಂಜೆ ಐದೂವರೆಗೆ, ಬೆಟ್ಟದ ಕಡೆಯಿಂದ ಗಾಳಿ ಬೀಸುವ ಹೊತ್ತಿಗೆ, ನನ್ನ ಚಪ್ಪಲಿಯ ಸದ್ದಿಗೆ ಕಾಂಪೌಂಡಿನಿಂದ ಇಳಿದು ಬರುತ್ತದೆ.